ಮನಿಲಾದಲ್ಲಿ ಐದು ದಿನ: ಸಿನಿಮಾ ಪುಟದವರೇ ಪ್ರಶಸ್ತಿ ಕೊಡುವ ರಾತ್ರಿ

ಮೊದಲ ದಿನ, ಗುರುವಾರ

ವಿಮಾನ ಇಳಿಯುವಾಗಲೇ ಮಳೆ. ಬೆಂಗಳೂರಿನಿಂದ ಸಿಂಗಾಪುರ, ಸಿಂಗಾಪುರದಿಂದ ಮನಿಲಾ. ಗಡಿಯಾರ ಎರಡೂವರೆ ಗಂಟೆ ಮುಂದಕ್ಕೆ ತಿರುಗಿಸಿಕೊಂಡೆ. ಜುಲೈ ಅಂದರೆ ಇಲ್ಲೂ ಮಳೆಗಾಲವೇ. ನೈಋತ್ಯದಿಂದ ಬರುವ ಈ ಮಳೆಗಾಳಿಗೆ ಇಲ್ಲಿಯವರು ಹಬಗಾತ್ ಅನ್ನುತ್ತಾರೆ.

ನಾನು ಬಂದಿದ್ದು ಒಂದೇ ಕಾರಣಕ್ಕೆ. ಫಿಲಿಪೀನ್ಸ್‌ನ ಪತ್ರಿಕೆಗಳಲ್ಲಿ, ವೆಬ್‌ಸೈಟುಗಳಲ್ಲಿ ಸಿನಿಮಾ ಪುಟ ನೋಡಿಕೊಳ್ಳುವ ಸಂಪಾದಕರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಹೆಸರು ಸೊಸೈಟಿ ಆಫ್ ಫಿಲಿಪೈನ್ ಎಂಟರ್‌ಟೈನ್‌ಮೆಂಟ್ ಎಡಿಟರ್ಸ್, ಚಿಕ್ಕದಾಗಿ ಸ್ಪೀಡ್. ಇವರು 2017ರಿಂದ ದೇಶದ ಸಿನಿಮಾಗಳಿಗೆ ಎಡ್ಡೀಸ್ ಎಂಬ ಪ್ರಶಸ್ತಿ ಕೊಡುತ್ತಿದ್ದಾರೆ. 'ಎಡಿಟರ್' ಅನ್ನೋದರಿಂದಲೇ ಹುಟ್ಟಿದ ಹೆಸರು. ನಾನೂ ಸಿನಿಮಾ ಪುಟದ ಡೆಸ್ಕಿನಲ್ಲಿ ಹದಿನೈದು ವರ್ಷ ಕೂತವಳು. ದಿನವೂ ಬೇರೆಯವರ ಬಗ್ಗೆಯೇ ಬರೆಯುವವರು ಒಂದು ರಾತ್ರಿ ವೇದಿಕೆ ಹತ್ತಿದರೆ ಹೇಗಿರುತ್ತೆ ಅಂತ ನೋಡುವ ಆಸೆ ಬಹಳ ದಿನದಿಂದ ಇತ್ತು. ಒಂದು ಚಿತ್ರೋತ್ಸವದಲ್ಲಿ ಪರಿಚಯವಾದ ಗೆಳತಿ ಇಲ್ಲಿ ಅದೇ ಕೆಲಸ ಮಾಡುತ್ತಾರೆ. ಅವರೇ ಕರೆದರು.

ರೂಮಿಗೆ ಬಂದು ಮಲಗಿದ್ದಷ್ಟೇ ಆ ದಿನದ ಕಥೆ.

ಎರಡನೇ ದಿನ, ಶುಕ್ರವಾರ

ಬೆಳಗ್ಗೆ ತಾಫ್ಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಎಡ್ಸಾ ಹೆದ್ದಾರಿಯ ಮೇಲೇ ಉತ್ತರಕ್ಕೆ ಹೋದೆ. ಕೆಳಗೆ ವಾಹನಗಳು ಅಲ್ಲಾಡದೆ ನಿಂತಿದ್ದವು. ಇಳಿದದ್ದು ಕಮುನಿಂಗ್‌ನಲ್ಲಿ. ಇದು ಕೆಸೋನ್ ಸಿಟಿ. ದೇಶದ ದೊಡ್ಡ ಟಿವಿ ವಾಹಿನಿಗಳು ಇರುವುದು ಈ ಸುತ್ತಮುತ್ತಲೇ. ಸಿನಿಮಾದವರು, ಸೀರಿಯಲ್‌ನವರು, ಅವರ ಮ್ಯಾನೇಜರುಗಳು, ಬರೆಯುವವರು, ಎಲ್ಲರೂ ಇಲ್ಲೇ ಓಡಾಡುತ್ತಾರೆ.

ಅಲ್ಲಿಂದ ಮುಂದಕ್ಕೆ ಜೀಪ್ನಿ. ಇದನ್ನು ಸ್ವಲ್ಪ ಹೇಳಲೇಬೇಕು. ಉದ್ದದ ಜೀಪು, ಎದುರುಬದುರು ಎರಡು ಬೆಂಚು, ಹಿಂದಿನಿಂದ ಹತ್ತಬೇಕು. ಕಂಡಕ್ಟರ್ ಇರಲಿಲ್ಲ. ನಾನು ಕೊಟ್ಟ 20 ಪೆಸೊ ನೋಟು ಪಕ್ಕದ ಹುಡುಗಿಯ ಕೈಗೆ, ಅವಳಿಂದ ಒಬ್ಬ ಅಜ್ಜನ ಕೈಗೆ, ಅಲ್ಲಿಂದ ಡ್ರೈವರ್ ಕೈಗೆ ಹೋಯಿತು. ಪ್ರತಿಯೊಬ್ಬರೂ 'ಬಾಯಾದ್ ಪೊ' ಅಂತ ಹೇಳಿ ದಾಟಿಸುತ್ತಾರೆ. ಚಾರ್ಜು ತಗೊಳ್ಳಿ ಅಂತ ಅರ್ಥ. ಆ 'ಪೊ' ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಯ ಮಾತು. ಚಿಲ್ಲರೆ ಅದೇ ಕೈಗಳ ಮೇಲೆ ವಾಪಸ್ ಬಂತು. ಲೆಕ್ಕ ಸರಿಯಾಗಿತ್ತು.

ಟೊಮಾಸ್ ಮೊರಾಟೊ ರಸ್ತೆಯ ಒಂದು ಹೋಟೆಲಿನಲ್ಲಿ ಹೊಸ ಸಿನಿಮಾದ ಪ್ರೆಸ್‌ಮೀಟ್ ಇತ್ತು. ಇಲ್ಲಿ ಪ್ರೆಸ್‌ಕಾನ್ ಅಂತಾರೆ. ಈ ಭಾಗದ ಅಡ್ಡರಸ್ತೆಗಳಿಗೆಲ್ಲ ಸ್ಕೌಟ್ ಇಂಥವರು, ಸ್ಕೌಟ್ ಅಂಥವರು ಅಂತ ಹೆಸರು. 1963ರಲ್ಲಿ ಗ್ರೀಸ್‌ನ ಜಾಂಬೂರಿಗೆ ಹೊರಟಿದ್ದ ಇಲ್ಲಿಯ 24 ಸ್ಕೌಟ್‌ಗಳು ವಿಮಾನ ದುರಂತದಲ್ಲಿ ತೀರಿಕೊಂಡರು. ಈ ಬೀದಿಗಳು ಅವರ ಹೆಸರಿನವು. ಸಿನಿಮಾ ಗಾಸಿಪ್ ಹುಟ್ಟುವ ಜಾಗ ಅಂತ ಮಾತ್ರ ಕೇಳಿದ್ದೆ. ಬೀದಿಯ ಬೋರ್ಡು ಓದಿದ ಮೇಲೆ ಸ್ವಲ್ಪ ಹೊತ್ತು ನಿಂತೆ.

ಪ್ರೆಸ್‌ಕಾನ್‌ನಲ್ಲಿ ಮೊದಲು ಊಟ, ಆಮೇಲೆ ಪ್ರಶ್ನೆ. ಪಾನ್‌ಸಿತ್ ನೂಡಲ್ಸು, ಕರಿದ ಲುಂಪಿಯಾ, ಕಲಮನ್ಸಿ ಎಂಬ ಪುಟ್ಟ ನಿಂಬೆಯ ಶರಬತ್ತು. ಎಪ್ಪತ್ತು ದಾಟಿದ ಒಬ್ಬ ಹಿರಿಯ ಪತ್ರಕರ್ತೆ ಮುಂದಿನ ಟೇಬಲ್‌ನಲ್ಲಿ ಕೂತಿದ್ದರು. ಎಲ್ಲರೂ ಅವರನ್ನು ಕರೆಯೋದು ಟೀಟಾ ಅಂತ. ಚಿಕ್ಕಮ್ಮ, ಅತ್ತೆ, ಎರಡೂ ಆಗುತ್ತೆ. ಸಿನಿಮಾದ ಹೀರೊ ಒಳಗೆ ಬಂದವನು ನೇರ ಅವರ ಹತ್ತಿರ ಹೋದ, ಬಗ್ಗಿ ಅವರ ಕೈ ಹಿಡಿದು ತನ್ನ ಹಣೆಗೆ ಒತ್ತಿಕೊಂಡ. ಇದಕ್ಕೆ ಮಾನೊ ಅನ್ನುತ್ತಾರೆ. ನಾವು ಹಿರಿಯರ ಕಾಲು ಮುಟ್ಟುವ ಹಾಗೆ. ಟೀಟಾ ಅವನ ಕೆನ್ನೆ ತಟ್ಟಿ, "ಊಟ ಆಯ್ತಾ?" ಅಂದರು. ಹತ್ತು ನಿಮಿಷ ಬಿಟ್ಟು ಮೈಕ್ ಹಿಡಿದು, ಅದೇ ಹುಡುಗನಿಗೆ ಹಿಂದಿನ ಸಿನಿಮಾ ಯಾಕೆ ಸೋತಿತು ಅಂತ ಕೇಳಿದರು. ಅವನ ಮುಖ ಕೆಂಪಾಯಿತು. ಆದರೂ ನೆಟ್ಟಗೆ ಉತ್ತರ ಕೊಟ್ಟ.

ಹೊರಗೆ ಬಂದ ಮೇಲೆ ಗೆಳತಿಯನ್ನು ಕೇಳಿದೆ. ಇಷ್ಟು ಹತ್ತಿರದ ಜನ ಪ್ರಶಸ್ತಿ ಕೊಟ್ಟರೆ ಜನ ನಂಬ್ತಾರಾ?

ಅವರು ಕೊಡೆ ಬಿಚ್ಚುತ್ತಾ ಹೇಳಿದರು. "ನಂಬಿಕೆ ಒಮ್ಮೆ ಮುರಿದಿದ್ದನ್ನು ನಾವು ಯಾರೂ ಮರೆತಿಲ್ಲ. 1994 ಅಂದರೆ ಸಾಕು, ಇಲ್ಲಿ ಎಲ್ಲರಿಗೂ ಗೊತ್ತು."

ಆ ವರ್ಷ ಮನಿಲಾ ಫಿಲ್ಮ್ ಫೆಸ್ಟಿವಲ್‌ನ ಪ್ರಶಸ್ತಿ ರಾತ್ರಿ, ವೇದಿಕೆಯ ಮೇಲೆ ಬೇಕಂತಲೇ ತಪ್ಪು ಹೆಸರು ಓದಿದ್ದರು. ಶ್ರೇಷ್ಠ ನಟ, ಶ್ರೇಷ್ಠ ನಟಿ ಎರಡೂ ಪ್ರಶಸ್ತಿ ಬೇರೆಯವರ ಪಾಲಾದವು. ನಿಜಕ್ಕೂ ಗೆದ್ದವರು ಎಡು ಮಾನ್ಸಾನೊ ಮತ್ತು ಐಕೊ ಮೆಲೆಂಡೆಸ್. ವಿಷಯ ಹೊರಗೆ ಬಂತು, ಕೋರ್ಟಿಗೆ ಹೋಯಿತು. ಅದರಲ್ಲಿ ತನ್ನ ಕೈವಾಡ ಇತ್ತು ಅಂತ ಒಪ್ಪಿಕೊಂಡವರು ಒಬ್ಬ ಸಿನಿಮಾ ಅಂಕಣಕಾರ್ತಿ. ಆ ಪ್ರಶಸ್ತಿ ಪತ್ರಕರ್ತರ ಸಂಘದ್ದಲ್ಲ, ನಿಜ. ಆದರೆ ಕಳಂಕ ನಮ್ಮ ವೃತ್ತಿಗೂ ಅಂಟಿತು.

"ಅದಕ್ಕೇ ನಾನು ಹತ್ತಿರದವರ ಸಿನಿಮಾವನ್ನ ಎರಡು ಸಲ ನೋಡ್ತೀನಿ," ಅಂದರು ಗೆಳತಿ. "ಮೊದಲನೇ ಸಲ ಪ್ರೀತಿಯಿಂದ ನೋಡ್ತೀನಿ. ಎರಡನೇ ಸಲ ಲೆಕ್ಕ ಹಾಕ್ತಾ ನೋಡ್ತೀನಿ."

ಈ ಮಾತು ನನಗೆ ಬಹಳ ಹಿಡಿಸಿತು. ದೂರ ನಿಂತು ತೀರ್ಪು ಕೊಡುವುದು ಸುಲಭ. ಕೈ ಹಣೆಗೆ ಒತ್ತಿಕೊಂಡವನಿಗೇ ಕಷ್ಟದ ಪ್ರಶ್ನೆ ಕೇಳುವುದು, ಅದನ್ನು ನಲವತ್ತು ವರ್ಷ ಮಾಡುವುದು ಸುಲಭ ಅಲ್ಲ.

ಮೂರನೇ ದಿನ, ಶನಿವಾರ

ಗೆಳತಿಗೆ ಸಮಾರಂಭದ ತಯಾರಿ. ನಾನು ಒಬ್ಬಳೇ ಹಳೇ ಮನಿಲಾ ಕಡೆ ಹೊರಟೆ.

ಪಾಸಿಗ್ ನದಿ ದಾಟಿದರೆ ಎಸ್ಕೋಲ್ಟಾ. ಒಂದು ಕಾಲಕ್ಕೆ ಊರಿನ ಅತಿ ಮುಖ್ಯ ಬೀದಿ. ಈ ದೇಶದ ಜನ ಮೊದಲು ಚಲಿಸುವ ಚಿತ್ರ ನೋಡಿದ್ದು ಈ ಬೀದಿಯಲ್ಲಿ, 1897ರಲ್ಲಿ. ಆಮೇಲೆ ದೊಡ್ಡ ದೊಡ್ಡ ಥಿಯೇಟರುಗಳು ಬಂದವು. ಕ್ಯಾಪಿಟಲ್ ಥಿಯೇಟರಿನ ಮುಂಭಾಗ ರಸ್ತೆಯಿಂದ ಕಾಣಿಸುತ್ತದೆ. ಅಲ್ಲಿ ಈಗ ಸಿನಿಮಾ ಇಲ್ಲ. ಮಳೆಯಲ್ಲಿ ಬೀದಿ ಖಾಲಿ ಖಾಲಿ. ನದಿಯ ಈಚೆ ಕಡೆ ಇರುವ ಮೆಟ್ರೊಪಾಲಿಟನ್ ಥಿಯೇಟರಿನ ಅದೃಷ್ಟ ಚೆನ್ನಾಗಿದೆ. 1931ರ ಆರ್ಟ್ ಡೆಕೊ ಶೈಲಿಯ ಕಟ್ಟಡ, ವಾಸ್ತುಶಿಲ್ಪಿ ಹುವಾನ್ ಅರೆಲ್ಯಾನೊ ವಿನ್ಯಾಸ ಮಾಡಿದ್ದು. ಎಷ್ಟೋ ವರ್ಷ ಪಾಳು ಬಿದ್ದು, ದುರಸ್ತಿಯಾಗಿ 2021ರಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಗುಲಾಬಿ ಬಣ್ಣ ಮಳೆಗೆ ಇನ್ನೂ ಗಾಢವಾಗಿತ್ತು.

ಮಧ್ಯಾಹ್ನ ಕಲಾವ್ ರಸ್ತೆಯ ಸಿನೆಮಾಟೆಕ್‌ಗೆ ಹೋದೆ. ಸರ್ಕಾರದ ಫಿಲ್ಮ್ ಡೆವಲಪ್‌ಮೆಂಟ್ ಕೌನ್ಸಿಲ್ ನಡೆಸುವ ಪುಟ್ಟ ಥಿಯೇಟರ್. ಹೊರಗೆ ಬೆಂಚಿನ ಮೇಲೆ ಸಿಕ್ಕಿದ ಒಬ್ಬ ವಿದ್ಯಾರ್ಥಿ ಜೊತೆ ಮಾತು ಶುರುವಾಯಿತು. ಹಳೇ ಸಿನಿಮಾಗಳ ಬಗ್ಗೆ ಓದುತ್ತಿದ್ದಾನೆ.

ಫಿಲಿಪೀನ್ಸ್‌ನವರೇ ತೆಗೆದ ಮೊದಲ ಕಥಾಚಿತ್ರ 1919ರ ಸೆಪ್ಟೆಂಬರ್ 12ರಂದು ತೆರೆಗೆ ಬಂತು. ದಲಗಾಂಗ್ ಬುಕಿದ್, ಅಂದರೆ ಹಳ್ಳಿಯ ಹುಡುಗಿ. ನಿರ್ದೇಶಕ ಹೊಸೆ ನೆಪೊಮುಸೆನೊ. ಮೂಕಿ ಚಿತ್ರ. ನಾಯಕಿ ಆಟಾಂಗ್ ದೆ ಲಾ ರಾಮಾ ಪ್ರದರ್ಶನದ ವೇಳೆ ಥಿಯೇಟರಿನಲ್ಲೇ ನಿಂತು ಹಾಡುತ್ತಿದ್ದರಂತೆ. ಆ ಸಿನಿಮಾದ ರೀಲು ಇವತ್ತು ಇಲ್ಲ. ಅದೊಂದೇ ಅಲ್ಲ, ಎರಡನೇ ಮಹಾಯುದ್ಧಕ್ಕೆ ಮುಂಚಿನ ಫಿಲಿಪಿನೊ ಸಿನಿಮಾಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಯುದ್ಧ, ಬೆಂಕಿ, ಸೆಖೆ, ಅಸಡ್ಡೆ, ಎಲ್ಲ ಸೇರಿ ತಿಂದು ಹಾಕಿವೆ.

"ಹಾಗಾದರೆ ನೀವು ಏನು ಓದ್ತೀರ?" ಅಂತ ಕೇಳಿದೆ.

"ಪೇಪರ್," ಅಂದ. "ಜಾಹೀರಾತು, ವಿಮರ್ಶೆ, ಯಾರೋ ರಿಪೋರ್ಟರ್ ಬರೆದ ನಾಲ್ಕು ಸಾಲು. ಸಿನಿಮಾ ಹೋಯ್ತು. ಅದರ ಸುದ್ದಿ ಉಳೀತು."

ಅವನು ಫೋನಿನಲ್ಲಿ ಒಂದು ಫೋಟೊ ತೋರಿಸಿದ. ಹಳೇ ಪತ್ರಿಕೆಯ ಒಂದು ಮೂಲೆ. ಕಾಗದ ಟೀ ಬಣ್ಣಕ್ಕೆ ತಿರುಗಿ, ಮಡಿಕೆಯ ಜಾಗದಲ್ಲಿ ಅಕ್ಷರ ಹಾರಿಹೋಗಿತ್ತು. ಕಲಾವಿದರ ಪಟ್ಟಿಯಲ್ಲಿ ಒಂದು ಹೆಸರಿನ ಅರ್ಧ ಮಾತ್ರ ಉಳಿದಿತ್ತು. ಆ ಅರ್ಧ ಹೆಸರಿನ ಹಿಂದೆ ಅವನು ಮೂರು ತಿಂಗಳಿಂದ ಬಿದ್ದಿದ್ದಾನಂತೆ. ಅಲ್ಲಿ ಬರೆದಿರುವ ಕಾಗುಣಿತ ಸರಿಯೋ ತಪ್ಪೋ ಅಂತ ಹೇಳುವವರು ಈಗ ಯಾರೂ ಇಲ್ಲ.

ನನಗೆ ನಮ್ಮ ಮೊದಲ ವಾಕ್ಚಿತ್ರದ ನೆನಪಾಯಿತು. 1934ರ ಸತಿ ಸುಲೋಚನ. ಅದರ ಪ್ರಿಂಟೂ ಉಳಿದಿಲ್ಲ. ಒಂದೆರಡು ಫೋಟೊ, ಪತ್ರಿಕೆಯ ಸುದ್ದಿ, ನೋಡಿದವರ ನೆನಪು, ಇಷ್ಟರಿಂದಲೇ ನಾವೆಲ್ಲ ಆ ಸಿನಿಮಾದ ಬಗ್ಗೆ ಮತ್ತೆ ಮತ್ತೆ ಬರೆದಿದ್ದೇವೆ. ನಾನೂ ಬರೆದಿದ್ದೇನೆ. ಡೆಸ್ಕಿನಲ್ಲಿ ಜಾಗ ಸಾಲದೆ ಕಲಾವಿದರ ಪಟ್ಟಿಯ ಕೊನೆ ನಾಲ್ಕು ಹೆಸರು ಹೊಡೆದು ಹಾಕಿದ ದಿನಗಳೂ ನೆನಪಾದವು. ಅವು ಯಾರ ಹೆಸರುಗಳು ಅನ್ನುವುದು ಮಾತ್ರ ನೆನಪಿಲ್ಲ.

ಹುಡುಗನ ಜೊತೆ ತುರೋನ್ ತಿಂದೆ. ಬಾಳೆಹಣ್ಣು ಸುತ್ತಿ, ಸಕ್ಕರೆ ಹಾಕಿ ಕರಿದದ್ದು. ಅವನ ಬಸ್ಸು ಬಂತು.

ನಾಲ್ಕನೇ ದಿನ, ಭಾನುವಾರ

ಸಮಾರಂಭ ಪಾಸಾಯ್‌ನ ನ್ಯೂಪೋರ್ಟ್‌ನಲ್ಲಿ, ವಿಮಾನ ನಿಲ್ದಾಣದ ಮೂರನೇ ಟರ್ಮಿನಲ್ ಎದುರಿಗಿರುವ ಹೋಟೆಲ್ ಸಭಾಂಗಣದಲ್ಲಿ. ಸಂಜೆ ಸಿಕ್ಕಾಪಟ್ಟೆ ಮಳೆ. ನನ್ನನ್ನು ಕರೆದೊಯ್ಯಬೇಕಿದ್ದ ಟ್ಯಾಕ್ಸಿ ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಉಳಿದದ್ದನ್ನು ಕೊಡೆ ಹಿಡಿದು ನಡೆದೆ. ಬಾಗಿಲಲ್ಲಿ ಅಭಿಮಾನಿಗಳು ಪ್ಲಾಸ್ಟಿಕ್ ಕವರ್ ಹೊದ್ದು ಬ್ಯಾನರ್ ಹಿಡಿದು ನಿಂತಿದ್ದರು. ಒಂದೊಂದು ಕಾರಿನ ಬಾಗಿಲು ತೆರೆದಾಗಲೂ ಕಿರುಚಾಟ.

ಗಂಡಸರಲ್ಲಿ ತುಂಬಾ ಜನ ಬರೋಂಗ್ ಹಾಕಿದ್ದರು. ತೆಳ್ಳಗಿನ, ಕಸೂತಿ ಇರುವ ಅಂಗಿ, ಪ್ಯಾಂಟಿನ ಹೊರಗೆ ಬಿಡುವಂಥದ್ದು. ಹೆಂಗಸರಲ್ಲಿ ಕೆಲವರು ತೆರ್ನೊ, ಚಿಟ್ಟೆಯ ರೆಕ್ಕೆಯ ಹಾಗೆ ತೋಳು ಎದ್ದು ನಿಲ್ಲುವ ಉಡುಪು. ಗೆಳತಿ ಮಾತ್ರ ಒಂದು ಕೈಯಲ್ಲಿ ವಾಕಿಟಾಕಿ, ಇನ್ನೊಂದು ಕೈಯಲ್ಲಿ ಕುರ್ಚಿಗೆ ಅಂಟಿಸುವ ಹೆಸರಿನ ಚೀಟಿಗಳ ಕಟ್ಟು ಹಿಡಿದು ಓಡಾಡುತ್ತಿದ್ದರು. ಚೀಟಿ ಸರಿಯಾಗಿ ಅಂಟಿದೆಯಾ ಅಂತ ಪ್ರತಿಯೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದರು.

ಈ ದೇಶದಲ್ಲಿ ಸಿನಿಮಾ ಪ್ರಶಸ್ತಿಗಳು ಬಹಳ. 1952ರಲ್ಲಿ ಶುರುವಾದ ಫಾಮಾಸ್ ಎಲ್ಲಕ್ಕಿಂತ ಹಳೆಯದು. ವಿಮರ್ಶಕರು ಕೊಡುವ ಗವಾದ್ ಉರಿಯನ್ 1977ರದ್ದು. ಪತ್ರಕರ್ತರು ಕೊಡುವುದರಲ್ಲಿ ಹಿರಿಯದು ಫಿಲಿಪೈನ್ ಮೂವಿ ಪ್ರೆಸ್ ಕ್ಲಬ್‌ನ ಸ್ಟಾರ್ ಅವಾರ್ಡ್ಸ್, 1985ರಿಂದ. ಅದರಲ್ಲಿ 'ಡಾರ್ಲಿಂಗ್ ಆಫ್ ದಿ ಪ್ರೆಸ್' ಅಂತಲೇ ಒಂದು ಪ್ರಶಸ್ತಿ ಇದೆ, ಪತ್ರಕರ್ತರ ಜೊತೆ ಚೆನ್ನಾಗಿ ನಡೆದುಕೊಳ್ಳುವ ಕಲಾವಿದರಿಗೆ. ಜೀವಮಾನದ ಸಾಧನೆಗೆ ಕೊಡುವ ಪ್ರಶಸ್ತಿಗೆ ನೋರಾ ಔನೊರ್ ಹೆಸರಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ಬಿಕೋಲ್ ಪ್ರಾಂತ್ಯದ ರೈಲು ನಿಲ್ದಾಣದಲ್ಲಿ ನೀರು ಮಾರುತ್ತಿದ್ದ ಹುಡುಗಿ, ಮುಂದೆ ಇಡೀ ದೇಶವೇ ಸೂಪರ್‌ಸ್ಟಾರ್ ಅಂತ ಕರೆದ ನಟಿ. ಇಷ್ಟೆಲ್ಲದರ ನಡುವೆ ಎಡ್ಡೀಸ್ ಇನ್ನೂ ಚಿಕ್ಕ ವಯಸ್ಸಿನದು.

ಯಾರಿಗೆ ಯಾವ ಪ್ರಶಸ್ತಿ ಬಂತು ಅನ್ನುವ ಪಟ್ಟಿ ಎಲ್ಲ ಕಡೆ ಸಿಗುತ್ತೆ. ನಾನು ಅದನ್ನು ಇಲ್ಲಿ ಬರೆಯಲ್ಲ. ನನ್ನ ಟೇಬಲ್ ಬಗ್ಗೆ ಬರೆಯುತ್ತೇನೆ.

ನನ್ನನ್ನು ಕೂರಿಸಿದ್ದು ತೀರಾ ಹಿಂದಿನ ಸಾಲಿನಲ್ಲಿ. ಪಕ್ಕದಲ್ಲಿ ಒಬ್ಬ ಯುವಕ, ಅವನ ತಾಯಿ. ಅವನು ಒಂದು ಸಣ್ಣ ಬಜೆಟ್ಟಿನ ಸಿನಿಮಾದ ಧ್ವನಿ ವಿಭಾಗದಲ್ಲಿ ಕೆಲಸ ಮಾಡಿದವನು. ಅವರ ತಂಡ ನಾಮಿನೇಟ್ ಆಗಿತ್ತು. ಬರೋಂಗ್ ಬಾಡಿಗೆಯದಂತೆ, ಭುಜ ಸ್ವಲ್ಪ ದೊಡ್ಡದಾಗಿತ್ತು. ಜೇಬಿನಲ್ಲಿ ಒಂದು ಚೀಟಿ. ಎರಡೆರಡು ನಿಮಿಷಕ್ಕೆ ಅದನ್ನು ತೆಗೆದು, ತುಟಿ ಅಲ್ಲಾಡಿಸದೆ ಓದಿ, ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಇಡುತ್ತಿದ್ದ.

"ಏನು ಬರ್ಕೊಂಡಿದ್ದೀರ?" ಅಂದೆ.

"ಹೆಸರುಗಳು," ಅಂದ. "ಬೂಮ್, ಅಂದ್ರೆ ಮೈಕಿನ ಉದ್ದ ಕೋಲು ಹಿಡಿದ ಹುಡುಗ ಯಾವತ್ತೂ ಕ್ರೆಡಿಟ್‌ನಲ್ಲಿ ಕೊನೆಗೆ ಬರ್ತಾನೆ. ಅವನನ್ನ ಮೊದಲು ಹೇಳಬೇಕು."

ಧ್ವನಿ ವಿಭಾಗದ ಸರದಿ ಬಂತು. ಐದು ಸಿನಿಮಾಗಳ ತುಣುಕು ತೋರಿಸಿದರು. ಅವನ ಸಿನಿಮಾದ ತುಣುಕಿನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದು, ಅದರ ನಡುವೆ ಒಂದು ಮಗು ಕೆಮ್ಮುವುದು ಕೇಳಿಸಿತು. ತಾಯಿ ಮಗನ ಮೊಣಕೈ ಹಿಡಿದುಕೊಂಡರು. ಲಕೋಟೆ ತೆರೆದರು. ಬೇರೆ ಹೆಸರು ಓದಿದರು.

ಅವನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. ಜೋರಾಗಿ, ಗೆದ್ದವರು ವೇದಿಕೆ ಹತ್ತುವವರೆಗೂ ತಟ್ಟಿದ. ಆಮೇಲೆ ಚೀಟಿ ತೆಗೆದು ತಾಯಿಯ ಕೈಗೆ ಕೊಟ್ಟ. ಅವರು ಅದನ್ನು ಓದಲಿಲ್ಲ. ಪರ್ಸಿನಲ್ಲಿ, ದುಡ್ಡಿನ ಪಕ್ಕ ಇಟ್ಟುಕೊಂಡರು.

ನಟ ನಟಿಯರ ಪ್ರಶಸ್ತಿಗಳ ಮಧ್ಯೆ ಪತ್ರಕರ್ತರ ಹೆಸರಿನ ಗೌರವಗಳು ಬಂದವು. ನಾನು ದಾರಿ ಕಾದಿದ್ದು ಇದಕ್ಕೇ. ಜೋ ಕಿರಿನೊ ಪ್ರಶಸ್ತಿ, ಮ್ಯಾನಿ ಪಿಚೆಲ್ ಪ್ರಶಸ್ತಿ, ಇಸಾ ರೆಡ್ ಪ್ರಶಸ್ತಿ. ಮೂವರೂ ತೀರಿಕೊಂಡವರು, ಮೂವರೂ ಸಿನಿಮಾ ಬಗ್ಗೆ ಬರೆದು ಬದುಕಿದವರು. ಕಿರಿನೊ ಅಂಕಣ ಬರೆಯುತ್ತಾ ಟಿವಿಯಲ್ಲಿ ತಾರೆಯರನ್ನು ಮಾತಾಡಿಸುತ್ತಿದ್ದವರು. ರೆಡ್ ಒಂದು ದಿನಪತ್ರಿಕೆಯ ಸಿನಿಮಾ ಪುಟದ ಸಂಪಾದಕರು, ಈ ಸಂಘದ ಮೊದಲ ಅಧ್ಯಕ್ಷರು. ಅವರ ಹೆಸರು ಮೈಕಿನಲ್ಲಿ ಕೇಳಿದಾಗ ಸಭಾಂಗಣದ ಪಕ್ಕದಲ್ಲಿ, ಗೋಡೆಗೆ ಒರಗಿ ನಿಂತಿದ್ದ ಸಂಪಾದಕರೆಲ್ಲ ನೆಟ್ಟಗಾದರು. ಯಾರೂ ಹೇಳಿಕೊಟ್ಟದ್ದಲ್ಲ. ಶುಕ್ರವಾರ ನೋಡಿದ ಟೀಟಾ ಕೂಡ ಅಲ್ಲಿದ್ದರು. ಕೋಲು ಊರಿಕೊಂಡು ಕುರ್ಚಿಯಿಂದ ಎದ್ದು ನಿಂತರು. ಪ್ರಶಸ್ತಿ ತಗೊಂಡವರು ಕೆಳಗಿಳಿದು ಬರುವವರೆಗೆ ಕೂರಲಿಲ್ಲ.

ಬೈಲೈನ್ ಅಂದರೆ ಸುದ್ದಿಯ ಜೊತೆ ಬರುವ ಬರೆದವರ ಹೆಸರು. ಅದಕ್ಕೆ ಒಂದು ದಿನದ ಆಯಸ್ಸು. ಮಾರನೇ ದಿನ ಆ ಪೇಪರಿನಲ್ಲಿ ಯಾರೋ ಒಣಮೀನು ಕಟ್ಟಿ ಕೊಡುತ್ತಾರೆ. ಇಲ್ಲಿ ಮೂರು ಬೈಲೈನ್‌ಗಳನ್ನು ಪ್ರತಿ ವರ್ಷ, ದೀಪ ಹಾಕಿ, ತಾರೆಯರ ಮುಂದೆ, ಗಟ್ಟಿಯಾಗಿ ಓದುತ್ತಾರೆ. ನನ್ನ ಕಣ್ಣು ಒದ್ದೆಯಾಯಿತು. ನನಗೆ ಕೆಲಸ ಕಲಿಸಿದವರು, ತಪ್ಪು ಹೆಸರು ಬರೆದ ದಿನ ಪ್ರೂಫ್ ಹಾಳೆ ನನ್ನ ಮುಂದಿಟ್ಟು ಸುಮ್ನೆ ಹೋದವರು, ಅವರ ಹೆಸರನ್ನು ಯಾವ ವೇದಿಕೆಯಲ್ಲೂ ಯಾರೂ ಓದಿಲ್ಲ.

ಕಾರ್ಯಕ್ರಮ ಮುಗಿದಾಗ ರಾತ್ರಿ ಹನ್ನೊಂದರ ಹತ್ತಿರ. ತಾರೆಯರು ಫೋಟೊಗೆ ನಿಂತರು. ಗೆಳತಿಯನ್ನು ಹುಡುಕಿಕೊಂಡು ಹೊರಗಿನ ಕಾರಿಡಾರಿಗೆ ಬಂದೆ. ಅಲ್ಲಿ ಐದಾರು ಸಂಪಾದಕರು ನೆಲದ ಮೇಲೆ, ಪ್ಲಗ್ ಪಾಯಿಂಟಿನ ಸುತ್ತ, ಜರತಾರಿ ಬಟ್ಟೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡುತ್ತಿದ್ದರು. ಪ್ರಶಸ್ತಿ ಕೊಟ್ಟವರೇ ಅದರ ಸುದ್ದಿಯನ್ನೂ ಕೊಡಬೇಕು. ಪುಟ ಕಾಯುತ್ತಿರುತ್ತದೆ.

ಗೆಳತಿ ಚಪ್ಪಲಿ ಬಿಚ್ಚಿಟ್ಟು, ಹಿಮ್ಮಡಿಗೆ ಬ್ಯಾಂಡೇಜ್ ಹಾಕಿಕೊಂಡಿದ್ದರು. ತಲೆ ಎತ್ತದೆ ಕೇಳಿದರು, "ನಿನ್ನ ಟೇಬಲ್ ಹುಡುಗ ಇನ್ನೂ ಇದ್ದಾನಾ? ಅವನ ಮನೆಹೆಸರಲ್ಲಿ 'ಎಲ್' ಅಕ್ಷರ ಒಂದಾ, ಎರಡಾ ಕೇಳಿ ಬಾ."

"ಗೆಲ್ಲಲಿಲ್ಲ ಅಲ್ವಾ ಅವರು?"

"ಗೊತ್ತು. ಕೇಳಿ ಬಾ."

ಓಡಿದೆ. ತಾಯಿ ಮಗ ಬಾಗಿಲ ಹತ್ತಿರ ಮಳೆ ನಿಲ್ಲೋದು ಕಾಯ್ತಿದ್ದರು. ಎರಡು ಎಲ್. ತಾಯಿಯೇ ನನ್ನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು. ಹಾಗೇ ಬೂಮ್ ಹಿಡಿದ ಹುಡುಗನ ಹೆಸರೂ ಬರೆದರು, ನಾನು ಕೇಳದೇ ಇದ್ದರೂ.

ಐದನೇ ದಿನ, ಸೋಮವಾರ

ಮಧ್ಯಾಹ್ನದ ವಿಮಾನ. ಬೆಳಗ್ಗೆ ಆರಕ್ಕೇ ಎದ್ದು ಹೋಟೆಲಿನ ಹಿಂದಿನ ಬೀದಿಗೆ ಹೋದೆ. ಬೇಕರಿಯಲ್ಲಿ ಬಿಸಿ ಪಾನ್ ದೆ ಸಾಲ್ ಬನ್ನು, ಪಕ್ಕದ ಪೆಟ್ಟಿಗೆಯಂಗಡಿಯಲ್ಲಿ ಪೇಪರ್. ಮಳೆಗೆ ಪ್ಲಾಸ್ಟಿಕ್ ಹೊದಿಸಿಟ್ಟಿದ್ದರು.

ಗೆಳತಿಯ ಪುಟ ತೆರೆದೆ. ಮೇಲೆ ತಾರೆಯರ ದೊಡ್ಡ ಫೋಟೊ, ಕೆಳಗೆ ಸುದ್ದಿ. ಸಂಘದ ಬಗ್ಗೆ ಒಂದೇ ಸಾಲು. ತನ್ನ ಹೆಸರು ಎಲ್ಲೂ ಹಾಕಿಕೊಂಡಿಲ್ಲ. ನಾಮಿನೇಷನ್ ಪಟ್ಟಿಯನ್ನು ಮಾತ್ರ ಪೂರ್ತಿ ಕೊಟ್ಟಿದ್ದರು, ಚಿಕ್ಕ ಅಕ್ಷರದಲ್ಲಿ, ಪುಟದ ತಳದವರೆಗೂ. ಅದಕ್ಕೆ ಜಾಗ ಮಾಡಲು ಒಂದು ಫೋಟೊ ತೆಗೆದಿರಬೇಕು ಅಂತ ಡೆಸ್ಕಿನಲ್ಲಿ ಕೂತ ಯಾರಿಗಾದರೂ ಗೊತ್ತಾಗುತ್ತೆ. ಧ್ವನಿ ವಿಭಾಗದಲ್ಲಿ ಬೆರಳಿಟ್ಟು ಹುಡುಕುತ್ತಾ ಬಂದೆ. ಎರಡು ಎಲ್ ಇತ್ತು. ಅದರ ಮುಂದೆ ಬೂಮ್ ಹುಡುಗನ ಹೆಸರೂ ಇತ್ತು.

ಮೂರು ಪ್ರತಿ ತಗೊಂಡೆ. ಒಂದನ್ನು ಸಿನೆಮಾಟೆಕ್‌ನ ವಿದ್ಯಾರ್ಥಿಗೆ ತಲುಪಿಸಿ ಅಂತ ಗೆಳತಿಯ ಕೈಗೆ ಕೊಟ್ಟೆ. ಒಂದು ಆ ತಾಯಿಗೆ. ಮೂರನೆಯದನ್ನು ಮಡಿಕೆ ಬೀಳದ ಹಾಗೆ ಸೂಟ್‌ಕೇಸಿನ ತಳಕ್ಕೆ ಹಾಸಿ, ಮೇಲೆ ಬಟ್ಟೆ ಜೋಡಿಸಿದೆ.